ಅಟ್ಟದ ಮೇಲಿದ್ದ ಕೋವಿ

ನಮ್ಮ ಕಡೆ ಕೊಬ್ಬರಿ ಅಟ್ಟಕ್ಕೆ ಬೀಗ ಹಾಕುವುದಿಲ್ಲ. ಸುಲಿಯದ ಕಾಯಿ ವರ್ಷದ ಹತ್ತಿರ ಅಲ್ಲೇ ಒಣಗಬೇಕು, ಗಾಳಿಯಾಡಬೇಕು, ಮನೆಯವರು ಯಾರಾದರೂ ಆಗಾಗ ಹತ್ತಿ ಕಾಯಿ ಅಲ್ಲಾಡಿಸಿ ನೋಡುತ್ತಿರಬೇಕು. ಹಂದನಕೆರೆ ಕಡೆಯ ನನ್ನ ತವರಿನಲ್ಲಿ ದೊಡ್ಡಪ್ಪನ ಕೋವಿ ಇದ್ದದ್ದೂ ಆ ಅಟ್ಟದಲ್ಲೇ, ಕಾಯಿ ರಾಶಿಯ ಹಿಂದೆ, ಗೋಣಿಯಲ್ಲಿ ಸುತ್ತಿ. ಎಳನೀರು ಕೀಳುವ ಕೋತಿಗಳಿಗೆ, ರಾಗಿ ಹೊಲಕ್ಕೆ ನುಗ್ಗುವ ಹಂದಿಗಳಿಗೆ ಎಂದು ತಾತನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ಅದು ಹಾರಿದ್ದು ಅಪರೂಪ. ಆಯುಧಪೂಜೆಗೆ ಇಳಿಸಿ, ವಿಭೂತಿ ಹಚ್ಚಿ ಹೂವಿಡುವುದು, ಊರಲ್ಲಿ "ಕೋವಿ ಮನೆಯೋರು" ಅನ್ನಿಸಿಕೊಳ್ಳುವುದು, ಹೆಚ್ಚಾಗಿ ಇಷ್ಟಕ್ಕೇ ಅದು.

ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಒಂದು ಮಾತು ಹೆಚ್ಚಾದರೂ ದೊಡ್ಡಪ್ಪನಿಗೆ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ಅದು ನನಗೆ ಬೇಡ.

ಅದೇ ಮನೆಯಲ್ಲಿ ದೊಡ್ಡಪ್ಪನ ಜೊತೆ ಹೆಂಡತಿಯೊಂದಿಗೆ ಇದ್ದ ತಮ್ಮನಿಗೆ ಮಂಕು ಕವಿದಿತ್ತು. ನಿದ್ದೆಯಿಲ್ಲ, ತೋಟಕ್ಕೆ ಹೋದರೆ ಹೋದಲ್ಲೇ ನಿಂತುಬಿಡುತ್ತಿದ್ದ. ತಿಪಟೂರಿನ ನಮ್ಮ ಮನೆಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ಮಾತ್ರೆ ಬರೆದ ಮೇಲೆ ಅವರು, "ಮನೇಲಿ ಬಂದೂಕು, ಕೋವಿ ಏನಾದ್ರೂ ಇದೆಯಾ?" ಎಂದು ಕೇಳಿದರು. ಇದೆ ಅಂದೆ. "ಮೊದಲು ಅದನ್ನ ಆಚೆ ಕಳಿಸಿ. ಮಾತ್ರೆ ಕೆಲಸ ಮಾಡೋಕೆ ಟೈಮ್ ಹಿಡಿಯುತ್ತೆ."

ಆಗ ಚುನಾವಣೆ. ಆ ಕಾಲಕ್ಕೆ ಊರಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ನಮ್ಮದೂ ಅಲ್ಲೇ ಇತ್ತು. ಊರಿಗೆ ವಾಪಸಾದ ತಮ್ಮ ಒಂದು ಮಧ್ಯಾಹ್ನ ಅಟ್ಟ ಹತ್ತಿದನಂತೆ. ಅವನೇ ಫೋನಿನಲ್ಲಿ ಹೇಳಿದ.

"ಗೋಣಿ ಖಾಲಿ ಇತ್ತು ಕಣಕ್ಕ. ಅಲ್ಲೇ ಕುಂತಿದ್ದೆ. ಇವ್ಳು ಊಟಕ್ಕೆ ಕೂಗುದ್ಲು, ಇಳ್ದು ಬಂದೆ. ಆಮೇಲೆ ಹಂಗನ್ನಿಸ್ಲಿಲ್ಲ."

ಮುದ್ದೆ ಉಂಡೆ ಅಂದ. ಉಪ್ಸಾರು ಚೆನ್ನಾಗಿತ್ತು ಅಂದ.

ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಚುನಾವಣೆ ಮುಗಿದರೂ ಕೋವಿ ಠಾಣೆಯಲ್ಲೇ ಇರಲಿ, ಇವನು ಚೇತರಿಸಿಕೊಳ್ಳುವ ತನಕ ಅಂದೆ.

"ಏನವ್ವಾ, ಕೋವಿ ತಾನಾಗೇ ಎದ್ದು ಬಂದು ಹೊಡೀತದಾ?" ಎಂದು ನಕ್ಕರು.

"ಹಂಗಲ್ಲ ದೊಡ್ಡಪ್ಪ, ಡಾಕ್ಟ್ರೇ ಹೇಳವ್ರೆ."

"ಸಾಯ್ಬೇಕು ಅನ್ನೋನ್ಗೆ ದಾರಿ ನೂರು, ಬುಡು. ಎಲ್ಲಾರೂ ವಾಪಸ್ ತಂದ್ಕತಾರೆ, ನಾನೊಬ್ನೇ ತರ್ದೆ ಇದ್ರೆ? ಮನೇಲಿ ಹುಚ್ಚ ಅವ್ನೆ ಅಂತ ನಾನೇ ಡಂಗುರ ಹೊಡ್ದಂಗಾಗ್ತದೆ."

ಮತ ಎಣಿಕೆ ಮುಗಿದ ವಾರ ತಂದರು. ಅದೇ ಅಟ್ಟ, ಅದೇ ಗೋಣಿ. ತಿಂಗಳೊಳಗೆ, ಹಾಡುಹಗಲೇ, ತಮ್ಮ ಮತ್ತೆ ಅಟ್ಟ ಹತ್ತಿದ. ಈ ಸಲ ಊಟಕ್ಕೆ ಕೂಗುವಷ್ಟು ಹೊತ್ತು ಯಾರಿಗೂ ಸಿಗಲಿಲ್ಲ.

ದಾರಿ ನೂರಂತೆ. ಮೊದಲ ಸಲ ಗೋಣಿ ಖಾಲಿ ಕಂಡವನು ಬೇರೆ ದಾರಿ ಹುಡುಕಲಿಲ್ಲ; ಇಳಿದು ಬಂದು ಉಂಡ. ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ. ಕೋವಿ ಕೈಗೆಟುಕಿದರೆ, ಆ ಗಳಿಗೆ ಕಳೆಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಇದನ್ನು ಮಣ್ಣಿಗೆ ಬಂದಿದ್ದ ನೆಂಟರ ಮುಂದೆ ಗಟ್ಟಿಯಾಗಿ ಹೇಳಿದೆ. "ಈಗ ಬ್ಯಾಡ ಸುಮ್ನಿರೇ," ಎಂದು ಸೋದರತ್ತೆ ನನ್ನ ಬಾಯಿಗೆ ಸೆರಗು ಒತ್ತಿದರು. ಸರಿಸಿ ಮತ್ತೊಮ್ಮೆ ಹೇಳಿದೆ.

ಕೋವಿಯನ್ನು ಪೊಲೀಸರು ಒಯ್ದರು. ಕೆಲವು ತಿಂಗಳಾದ ಮೇಲೆ ದೊಡ್ಡಪ್ಪ ಅದನ್ನು ಬಿಡಿಸಿಕೊಳ್ಳಲು ಓಡಾಡತೊಡಗಿದರು. ಠಾಣೆಯವರು ಕೇಳಿದರೆ ತಕರಾರಿಲ್ಲ ಅನ್ನಬೇಕು ಎಂದು ತಮ್ಮನ ಹೆಂಡತಿಗೆ ಹೇಳಿಟ್ಟಿದ್ದರು. ಅವಳು ಅದೇ ಮನೆಯಲ್ಲಿದ್ದಳು. ಸರಿಯಾಗಿ ಉಣ್ಣುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ವಿಷಯ ತಿಳಿದು ಹೋದೆ. ಕೋವಿ ಆ ಮನೆಗೆ ಬರಬಾರದು, ದೊಡ್ಡಪ್ಪನಿಗೆ ನೋಯಬೇಕು. ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಎಂದು ಕೇಳಿದರೆ ಈಗಲೂ ಹೇಳಲಾರೆ.

ದೊಡ್ಡಪ್ಪ ಜಗಲಿಯಲ್ಲಿ ಹೊರಟು ನಿಂತಿದ್ದರು. "ಬಾರವ್ವ, ತಕರಾರಿಲ್ಲ ಅಂದ್ಬುಟ್ಟು ಬಂದ್ಬುಡಾನ," ಎಂದು ಅವಳನ್ನು ಕರೆದರು.

ನಾನು ಬಾಯಿ ತೆರೆಯುವ ಮೊದಲೇ ಅವಳಂದಳು: "ತಕರಾರೈತೆ ಮಾವ."

"ಇವ್ಳು ಹೇಳ್ಕೊಟ್ಳಾ?"

"ಇಲ್ಲ. ತಿಥಿ ಆದ್ಮೇಲೆ ಒಂದಿನ ನಾನೂ ಅಟ್ಟ ಹತ್ತಿದ್ದೆ. ಪೊಲೀಸ್ನೋರು ತಗಂಡೋಗವ್ರೆ ಅಂತ ಗೊತ್ತಿದ್ರೂ ಐತೇನೋ ಅಂತ ಕೈಯಾಡಿಸ್ದೆ. ಇರ್ಲಿಲ್ಲ. ಇಳ್ದು ಬಂದು ಹಸಕ್ಕೆ ಹುಲ್ ಹಾಕ್ದೆ."

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ ದೊಡ್ಡಪ್ಪ ಹಾಗೇ ಕುಸಿದು ಕೂತರು. ಇಷ್ಟು ತಿಂಗಳು ನಾನು ಕಾದಿದ್ದ ಮುಖ ಅದು. ಕಣ್ಣು ತೆಗೆಯದೆ ನೋಡಿದೆ.

ನಾವಿಬ್ಬರೇ ಠಾಣೆಗೆ ಹೋದೆವು. ಅವಳ ಮಾತನ್ನು ಅವಳೇ ಹೇಳಿದಳು. ಕೋವಿ ಠಾಣೆಯಲ್ಲೇ ಉಳಿಯಿತು. ಅಲ್ಲಿಂದ ನೇರ ನನ್ನ ಮನೆಗೆ ಕರೆತಂದೆ. ಈಗಲೂ ನನ್ನ ಜೊತೆಯಲ್ಲಿದ್ದಾಳೆ, ಡಾಕ್ಟರಿಗೆ ತೋರಿಸುತ್ತಿದ್ದೇನೆ, ಎರಡು ಹೊತ್ತು ಉಣ್ಣುತ್ತಾಳೆ. ದೊಡ್ಡಪ್ಪ ಒಮ್ಮೆ ಬಿಸಿಲಲ್ಲಿ ಅವಳನ್ನು ನೋಡಲು ಬಂದರು. ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ಒಂದು ಲೋಟ ನೀರು ಬೇಕಾ ಎಂದೂ ಕೇಳಲಿಲ್ಲ.