ಪ್ರತಿವಾದಿ ನೀಲವ್ವ ಹಾಜರ್

ನನ್ನ ತಂಗಿ ನೀಲವ್ವ ಹೋದ ತಿಂಗಳು ಕೋರ್ಟಿನ ಕಾಗದಕ್ಕೆ ಸೆಗಣಿ ಬಳಿದಳು.

ನಗಬೇಡಿ. (ನಕ್ಕರೂ ನಡೆಯುತ್ತದೆ. ನಾನೂ ಮೊದಲು ನಕ್ಕೆ, ಆಮೇಲೆ ಬೈದೆ.)

ನಾಗನೂರಿನಲ್ಲಿ ಅವಳ ಮನೆಯ ಹಿಂದೆ ಒಂದು ಕಣವಿದೆ. ನಮ್ಮಪ್ಪ ಕೊಂಡು ಅವಳ ಹೆಸರಿಗೇ ಮಾಡಿಸಿದ್ದು. ಸುಗ್ಗಿ ಬಂತೆಂದರೆ ಜೋಳದ ರಾಶಿ ಅಲ್ಲೇ. ಆ ಕಣ ಹೋದರೆ ಅವಳು ತೆನೆ ಹೊತ್ತುಕೊಂಡು ಮಂದಿಯ ಕಣದ ಮುಂದೆ ನಿಲ್ಲಬೇಕು. ಬಾಜೂ ಮನೆಯ ಬಾಳಪ್ಪ ಅದು ತನ್ನದೆಂದು ಗೋಕಾಕದ ಕೋರ್ಟಿನಲ್ಲಿ ದಾವೆ ಹಾಕಿದ.

ಕೋರ್ಟಿನ ಬೇಲೀಫ ಸಮನ್ಸ್ ತಂದ. ಅವನ ಎದೆಯ ಮೇಲಿನ ಪಟ್ಟಿ ಕಂಡದ್ದೇ ತಡ, ನೀಲವ್ವನ ಗಂಡ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ನಡೆದ. ಇವಳು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ನಿಂತಳು. ಕಾಗದ ಮುಟ್ಟಲೇ ಇಲ್ಲ. ಬೇಲೀಫ ಇಬ್ಬರು ಪಂಚರನ್ನು ಕರೆದು, ಬಾಗಿಲ ಪಕ್ಕದ ಗೋಡೆಗೆ ಅದನ್ನು ಅಂಟಿಸಿ ಹೋದ. ಮೂರು ದಿನ ಬಿಟ್ಟು ಸೋಮವಾರ. ಮನೆ ಸಾರಿಸುವ ದಿನ.

ಸುದ್ದಿ ಕೇಳಿ ನಾನು ಕಲ್ಲೋಳಿಯಿಂದ ಬಸ್ ಹತ್ತಿ ಹೋದೆ.

"ಕಾಗದ ಎಲ್ಲೈತಿ?"

"ಗ್ವಾಡ್ಯಾಗ."

"ಗ್ವಾಡ್ಯಾಗ ಎಲ್ಲಿ?"

"ಸೆಗಣಿ ಬುಡಕ ಐತಿ ಅಕ್ಕಾ. ನಾ ಮುಟ್ಟಿಲ್ಲ. ಮುಟ್ಟಲಿಲ್ಲಂದ್ರ ಕೇಸ್ ನಮಗ ಹತ್ತೂದಿಲ್ಲಂತ."

"ಯಾರಂದ್ರು?"

"ಎಲ್ಲಾರೂ!"

ಈ 'ಎಲ್ಲಾರೂ' ಎಂಬ ವಕೀಲ ನಮ್ಮ ಪ್ರತಿ ಊರಿನಲ್ಲೂ ಇದ್ದಾನೆ. ಫೀ ಇಲ್ಲ, ಆಫೀಸಿಲ್ಲ, ಕಟ್ಟೆಯ ಮೇಲೆ ಕೂತೇ ಮನೆ ಮುಳುಗಿಸುತ್ತಾನೆ. ನೀವೂ ಅವನ ಮಾತು ಕೇಳಿದವರೇ ಅಲ್ಲವೇ?

ಪುಣ್ಯಕ್ಕೆ ಕೋರ್ಟಿಗೆ ಹೋಗಬೇಕಾದ ತಾರೀಖು ಪಂಚರಿಗೆ ನೆನಪಿತ್ತು. ನಾನು ತಂಗಿಯನ್ನು ಎಳೆದುಕೊಂಡೇ ಗೋಕಾಕಕ್ಕೆ ಹೋದೆ. ಅಲ್ಲಿ ನಾವು ಹಿಡಿದ ವಕೀಲ ಇನ್ನೂ ಹುಡುಗ. ಕರಿ ಕೋಟು ಹೊಸದು, ಮಾತು ಮಾತ್ರ ಹಳೇ ಪುಸ್ತಕದ್ದು. ಸಮನ್ಸ್ ಜಾರಿಯಾಗಿದೆ, ಪ್ರತಿವಾದಿ ಗೈರುಹಾಜರಾದರೆ ಏಕತರ್ಫಿ ಹುಕುಂ ಆಗುತ್ತದೆ ಎಂದ. 'ಪ್ರತಿವಾದಿ' ಎಂದು ಕೇಳಿದ ಕೂಡಲೇ ನೀಲವ್ವ ಅಳಲು ಶುರು ಮಾಡಿದಳು.

"ನಾ ಏನ್ ಕಳುವು ಮಾಡೇನ್ರಿ ಸಾಹೇಬ್ರ? ನನಗ ಬೇಡಿ ಹಾಕ್ತಾರೇನ್ರಿ?"

"ವಕೀಲ ಸಾಹೇಬ್ರ," ಎಂದೆ ನಾನು, "ಅಂಗಡ್ಯಾಗ ಬೆಲ್ಲ ಕೇಳೂ ಮಾತಿನ್ಯಾಗ ಹೇಳ್ರಿ. ನನಗ ಬರೂದು ದಪ್ಪಕ್ಷರ ಅಷ್ಟ. ಈಕಿಗೆ ಅದೂ ಬರೂದಿಲ್ಲ."

ಹುಡುಗ ನಕ್ಕ. ಪೆನ್ನು ಕೆಳಗಿಟ್ಟ. (ಒಳ್ಳೆಯ ಲಕ್ಷಣ. ಪೆನ್ನು ಕೆಳಗಿಟ್ಟ ಮೇಲೆ ವಕೀಲನೂ ಮನುಷ್ಯನಂತೆ ಮಾತಾಡುತ್ತಾನೆ.)

"ನೋಡ್ರಿ ಅವ್ವಾರ, ಸಮನ್ಸ್ ಅಂದ್ರ ಕರಿ ಕಳಿಸೂದು. ಬಾಳಪ್ಪ ಒಂದು ಮಾತು ಹೇಳ್ಯಾನ, ನೀವೂ ಬಂದು ನಿಮ್ಮ ಮಾತು ಹೇಳ್ರಿ ಅಂತ ಕೋರ್ಟ್ ಕರದೈತಿ. ಮುಟ್ರಿ, ಬಿಡ್ರಿ, ಗ್ವಾಡಿಗೆ ಅಂಟಿಸಿದ್ರ ಮುಟ್ಟಿದಂಗ. ದಾವಾ ಹಾಕಿದಾಂವ ವಾದಿ. ಅದಕ್ಕ ಉತ್ತರಾ ಕೊಡಾಕಿ ಪ್ರತಿವಾದಿ. ಕಳ್ಳಿ ಅಲ್ಲ, ಆರೋಪಿ ಅಲ್ಲ."

"ಏಕತರ್ಫಿ ಅಂದ್ರ?"

"ನೀವು ಹೋಗಲಿಲ್ಲಂದ್ರ ಅವನ ಮಾತು ಅಷ್ಟ ಕೇಳಿ ತೀರ್ಪು ಕೊಡೂದು."

ಅಂದರೆ ಸೊಸೆ ನೀರಿಗೆ ಹೋದಾಗ ಅತ್ತೆಯ ದೂರಷ್ಟೇ ಕೇಳಿ ಪಂಚರು ಎದ್ದು ಹೋದ ಹಾಗೆ. ಇದು ನೀಲವ್ವನಿಗೆ ಥಟ್ಟನೆ ತಿಳಿಯಿತು. ತಿಳಿಯದೆ ಏನು? ಅವಳ ಅತ್ತೆಯನ್ನು ನಾನು ನೋಡಿಲ್ಲವೇ! ಕಣ್ಣೊರೆಸಿಕೊಂಡು ವಕೀಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.

ತಾರೀಖಿನ ದಿನ ಬಂತು. ಕೋರ್ಟಿನ ಅಂಗಳದ ಬೇವಿನ ಕೆಳಗೆ ಬಾಳಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ನಮ್ಮನ್ನು ಕಂಡು, "ಏನ ನೀಲವ್ವ, ರೊಟ್ಟಿ ಬಡಿಯೂದ ಬಿಟ್ಟು ಕೋರ್ಟ್ ಏರಾಕ ಬಂದೇನ? ಗಂಡ ಎಲ್ಲಿ ಅಡಗ್ಯಾನ?" ಎಂದ.

ಗಂಡ ನಿಜಕ್ಕೂ ಬಂದಿರಲಿಲ್ಲ. ಹೊಲದಲ್ಲಿ ಕೆಲಸವಂತೆ. ನೀಲವ್ವ ಸೆರಗು ಬಿಗಿ ಮಾಡಿ ಒಳಗೆ ನಡೆದಳು.

ಪಟ್ಟೇವಾಲಾ ಹೆಸರು ಕೂಗಿದ. ಬಾಳಪ್ಪನ ಕಡೆಯ ವಕೀಲ ಎದ್ದು, ಸಮನ್ಸ್ ಕೈಗೆ ತೆಗೆದುಕೊಳ್ಳದ ಹೆಂಗಸು ಈಗ ಬಂದಿದ್ದಾಳೆಂದರೆ ನಂಬುವುದು ಹೇಗೆ, ಇವಳು ಅವಳೇ ಎಂಬುದಕ್ಕೆ ಏನು ಗುರುತು ಎಂದ. ಜಡ್ಜ್ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

"ನಿಮ್ಮ ಹೆಸರೇನಮ್ಮ?"

"ನೀಲವ್ವ ರೀ."

"ಗಂಡನ ಹೆಸರು?"

ನೀಲವ್ವ ಬಾಯಿ ಮುಚ್ಚಿದಳು.

ನಮ್ಮಲ್ಲಿ ಗಂಡನ ಹೆಸರನ್ನು ಯಾವ ಹೆಂಗಸು ಸುಮ್ಮನೆ ಹೇಳುತ್ತಾಳೆ? ಸೀಮಂತವೋ ಮದುವೆಯೋ ಇದ್ದರೆ, ನಾಲ್ಕು ಜನ ಗೆಳತಿಯರು ಕಾಡಿದರೆ, ಆಗ ಒಡಪು ಕಟ್ಟಿ, ಹಾಡಿನ ನಡುವೆ ಹೆಸರನ್ನು ಅಡಗಿಸಿ ಹೇಳುತ್ತಾಳೆ. ನಮ್ಮ ವಕೀಲ ತಾನೇ ಹೇಳಲು ಬಾಯಿ ತೆರೆದ. "ಅವರೇ ಹೇಳಲಿ," ಎಂದರು ಸಾಹೇಬರು. ಬಾಳಪ್ಪ ಮೀಸೆಯೊಳಗೇ ನಕ್ಕ. ಇಷ್ಟು ದೂರ ಬಂದು ಒಂದು ಹೆಸರಿಗಾಗಿ ಕಣ ಕಳೆಯುತ್ತಾಳೋ?

ನೀಲವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ನೆಲ ನೋಡಲಿಲ್ಲ. ನೆಟ್ಟಗೆ ಜಡ್ಜ್ ಸಾಹೇಬರನ್ನೇ ನೋಡಿ ರಾಗ ತೆಗೆದಳು:

"ಧುಪದಾಳ ಒಡ್ಡಿನ ನೀರಾಗ ಹಾಲಿನಂಥಾ ನೊರಿ,
ಅಡಿವೆಪ್ಪನವರ ಹೆಸರ ಹೇಳೇನಿ, ಸಾಹೇಬ್ರ ಬರಕೋರಿ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಕಾರಕೂನನ ಪೆನ್ನು ನಿಂತೇ ಹೋಯಿತು. ಸಾಹೇಬರೂ ಕರವಸ್ತ್ರ ಬಾಯಿಗೆ ಹಿಡಿದರು. ನೀಲವ್ವ ನಗಲಿಲ್ಲ. "ಇನ್ನೊಂದ ಹೇಳೂದೈತ್ರಿ," ಎಂದಳು. "ಆ ಕಣ ನಮ್ಮಪ್ಪ ನನಗ ಕೊಟ್ಟದ್ದು. ಇಷ್ಟ ವರ್ಷ ಅಲ್ಲೇ ರಾಶಿ ಮಾಡೇನಿ. ಈ ಬಾಳಪ್ಪನೂ ಪ್ರತಿ ಸುಗ್ಗಿಗೆ ನನ್ನ ಕೇಳೇ ತನ್ನ ತೆನಿ ಹಾಕ್ಯಾನ. ತನ್ನದಾಗಿದ್ರ ನನ್ನ ಯಾಕ ಕೇಳ್ತಿದ್ದ, ಕೇಳ್ರಿ ಅವನ್ನ."

ಬಾಳಪ್ಪ ತನ್ನ ವಕೀಲನ ಕೋಟು ಜಗ್ಗಿದ. ಅದನ್ನೆಲ್ಲ ಈಗಲ್ಲ, ಕೈಫಿಯತ್ತಿನಲ್ಲಿ ಬರೆಸಿ ಎಂದು ಸಾಹೇಬರು ಹೇಳಿದರು. ಕೈಫಿಯತ್ತು ಅಂದರೆ ಮತ್ತೇನಿಲ್ಲ, ಇವಳು ಈಗ ಹೇಳಿದ್ದನ್ನೇ ವಕೀಲ ಕಾಗದದ ಮೇಲೆ ಇಳಿಸುವುದು. ಏಕತರ್ಫಿ ತಪ್ಪಿತು. ಮುದ್ದತ್ತು ಸಿಕ್ಕಿತು, ಅಂದರೆ ಮುಂದಿನ ತಾರೀಖು. ಸೋಲಲ್ಲ, ಗೆಲುವೂ ಅಲ್ಲ. ಆದರೆ ಈ ಸುಗ್ಗಿಗೂ ಆ ಕಣದಲ್ಲಿ ರಾಶಿ ನನ್ನ ತಂಗಿಯದೇ.

ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ, ನಿಮಗೆ ಗೊತ್ತು. ಆದರೆ ಅಂದು ಬಸ್ ಸ್ಟ್ಯಾಂಡಿನವರೆಗೂ ಕಂಡಕಂಡವರಿಗೆ "ಈಕಿ ನನ್ನ ತಂಗಿ" ಎಂದು ಹೇಳುತ್ತಲೇ ಬಂದೆ. ಯಾರೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, "ಮುಂದಿನ ತಾರೀಖಿಗೆ ನಾ ಯಾವ ಬಸ್ಸಿಗೆ ಬರ್ಲಿ?"

ನೀಲವ್ವ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು, "ಕೇಸ್ ನಿಂದೇನ ಅಕ್ಕಾ?"