ಕಿವಿಗೆ ಕಲಿಸಿದ ಇಂಗ್ಲಿಷ್

ತೊಂಬತ್ತರ ದಶಕದ ನಡುವಿನಲ್ಲಿ ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಒಂದು ಭಾನುವಾರ ಮೂಗೂರು ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಮೀಸಲಾತಿಯಲ್ಲಿ ಆಗತಾನೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದರು. ಅವರ ಬೀದಿಯವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಒಳಗೆ ಬನ್ನಿ ಎಂದು ಎರಡು ಸಲ ಕರೆದ ಮೇಲೆ ಹೊಸಿಲು ದಾಟಿದರು. ಇಂಗ್ಲಿಷ್ ಕಲಿಸಬೇಕು ಎಂದರು.

ನಾನು ಉತ್ಸಾಹದಿಂದ 'ಮೈ ನೇಮ್ ಈಸ್' ಎಂದು ಶುರು ಮಾಡಿದೆ. ಅವರು ನಕ್ಕುಬಿಟ್ಟರು.

"ನನ್ನೆಸ್ರು ಅವ್ರಿಗೆ ಗೊತ್ತು ಮೇಡಂ. ಅವ್ರು ನನ್ ಮುಂದೆ ಏನ್ ಮಾತಾಡ್ಕತಾರೆ ಅಂತ ನಂಗೆ ಗೊತ್ತಾಗ್ಬೇಕು."

ಆಮೇಲೆ ವಿಷಯ ಹೇಳಿದರು. ಪಂಚಾಯಿತಿ ಕಾರ್ಯದರ್ಶಿಯೂ ಕೆಲಸ ನೋಡಲು ಬರುವ ಎಂಜಿನಿಯರೂ ಇವರೆದುರು ಕನ್ನಡದಲ್ಲಿ ಮಾತಾಡುತ್ತಿದ್ದವರು, ಮುಖ್ಯವಾದ ಮಾತು ಬಂದ ಕೂಡಲೇ ಇಂಗ್ಲಿಷಿಗೆ ತಿರುಗಿಬಿಡುತ್ತಾರಂತೆ. ಮಾತು ಮುಗಿದ ಮೇಲೆ ಇವರ ಕಡೆ ನೋಡಿ, ಏನಿಲ್ಲ ಅಮ್ಮ, ಇಲ್ಲೊಂದು ಸಹಿ ಮಾಡಿ ಅನ್ನುತ್ತಾರಂತೆ. ಆ ವರ್ಷ ಊರಿಗೆ ನೀರಿನ ಟ್ಯಾಂಕ್ ಮಂಜೂರಾಗಿತ್ತು. ಅದು ತಮ್ಮ ಬೀದಿಯ ತುದಿಯಲ್ಲಿ ಏಳಬೇಕು ಎಂಬುದು ಇವರ ಆಸೆ; ಕಾಗದದಲ್ಲಿ ಜಾಗವೂ ಅಲ್ಲೇ ಗೊತ್ತಾಗಿತ್ತು. ಅವರ ಬೀದಿಯ ಹೆಂಗಸರು ನೀರಿಗೆ ಮೇಲಿನ ಬೀದಿಗೆ ಹೋಗಿ, ಅಲ್ಲಿಯವರೆಲ್ಲ ಹಿಡಿದುಕೊಳ್ಳುವವರೆಗೆ ನಿಂತಿರಬೇಕಾಗಿತ್ತು.

ಓದು, ಬರಹ, ಮಾತು ಮೂರನ್ನೂ ಪಕ್ಕಕ್ಕಿಟ್ಟು ಬರೀ ಕೇಳುವುದನ್ನು ಕಲಿಸುವುದು ಹೇಗೆ ಎಂದು ನನಗೆ ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ನಮ್ಮ ಯಜಮಾನರನ್ನು ಸೇರಿಸಿಕೊಂಡೆ. ಅಲ್ಲಿಯತನಕ ನಾವು ಗಂಡ ಹೆಂಡತಿ ಒಂದು ದಿನವೂ ಇಂಗ್ಲಿಷಿನಲ್ಲಿ ಮಾತಾಡಿದವರಲ್ಲ. ಭಾನುವಾರ ಅಡುಗೆಮನೆಯಲ್ಲಿ ಅಧ್ಯಕ್ಷೆ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು; ನಾವಿಬ್ಬರೂ ಎಂಜಿನಿಯರು, ಕಾರ್ಯದರ್ಶಿಗಳಾಗಿ ಎಸ್ಟಿಮೇಟು, ಶಿಫ್ಟು, ಪೋಸ್ಟ್‌ಪೋನು ಎಂದು ವಾದ ಮಾಡುತ್ತಿದ್ದೆವು. ನಡುವೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬ ನಿಜವಾದ ಜಗಳವೂ ನುಸುಳುತ್ತಿತ್ತು. ಏನು ಹೇಳಿದೆವು ಎಂದು ಕೇಳಿದರೆ ಅವರು ಮೊದಮೊದಲು ತಲೆ ಅಲ್ಲಾಡಿಸುತ್ತಿದ್ದರು. ಬೇಸಿಗೆ ಬರುವ ಹೊತ್ತಿಗೆ ಕನ್ನಡದಲ್ಲಿ ಸಲೀಸಾಗಿ ಒಪ್ಪಿಸತೊಡಗಿದರು. ನನಗೆ ಬಂದ ಅಂಥ ಶಿಷ್ಯರು ಕಡಿಮೆ.

ಒಂದೆರಡು ವಾಕ್ಯ ಮಾತಾಡುವುದನ್ನೂ ಕಲಿಯಿರಿ ಎಂದು ನಾನು ಒತ್ತಾಯಿಸಿದ್ದೆ. ಮೊದಲು ಕಿವಿಗೆ ಆಗಲಿ, ಬಾಯಿಗೆ ಆಮೇಲೆ ನೋಡೋಣ ಎಂದರು. ತಮಗೆ ಅರ್ಥವಾಗುತ್ತದೆ ಎಂದು ಗೊತ್ತಾದರೆ ಆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಅದು ಸರಿ ಅನ್ನಿಸಿ ಒಪ್ಪಿಕೊಂಡೆ.

ಒಂದು ಸಲ ಅದು ಫಲವನ್ನೂ ಕೊಟ್ಟಿತು. ಟ್ಯಾಂಕಿನ ಜಾಗವನ್ನು ಸದ್ದಿಲ್ಲದೆ ಮೇಲಿನ ಬೀದಿಗೆ ಬದಲಾಯಿಸುವ ಮಾತು ಅವರೆದುರೇ ಇಂಗ್ಲಿಷಿನಲ್ಲಿ ನಡೆಯಿತು. ಅವರು ಏನೂ ತಿಳಿಯದವರಂತೆ ಕೂತಿದ್ದು, ಮಾರನೇ ದಿನ ತಾಲ್ಲೂಕು ಕಚೇರಿಗೆ ಬಂದು ಮೇಲಧಿಕಾರಿಗಳ ಮುಂದೆ ವಿಷಯವಿಟ್ಟರು. ಜಾಗ ಬದಲಾಗಬಾರದು ಎಂದು ಅಲ್ಲಿಂದ ಹೇಳಿ ಕಳಿಸಿದರು. ಸುದ್ದಿ ಹೇಗೆ ಹೊರಬಿತ್ತೋ ಆ ಇಬ್ಬರಿಗೆ ತಿಳಿಯಲಿಲ್ಲ. ಆ ಭಾನುವಾರ ಅವರು ನಮಗೆಂದು ಮಡಿಲ ತುಂಬ ಸೊಪ್ಪು ತಂದಿದ್ದರು.

ಜಾಗ ಅಳೆಯಲು ಎಂಜಿನಿಯರು ಬಂದ ದಿನ ಅದೆಲ್ಲ ಕೆಟ್ಟಿತು. ಬಿಸಿಲಲ್ಲಿ ನಿಂತಿದ್ದಾರೆ ಎಂದು ಇವರು ಮನೆಯಿಂದ ಚಹಾ ಮಾಡಿಸಿ, ಹೊಸ ಲೋಟಗಳಲ್ಲಿ ತರಿಸಿದ್ದರು. ಕಾರ್ಯದರ್ಶಿ ಇಂಗ್ಲಿಷಿನಲ್ಲಿ, ಇಲ್ಲಿ ಕುಡಿಯಬೇಡಿ, ಹೊಟ್ಟೆ ಸರಿಯಿಲ್ಲ ಅನ್ನಿ ಎಂದನಂತೆ. ಎಂಜಿನಿಯರು ನಗುತ್ತ ಹೊಟ್ಟೆ ಮುಟ್ಟಿಕೊಂಡು, ಬೇಡಮ್ಮ, ಹೊಟ್ಟೆ ಸರಿಯಿಲ್ಲ ಎಂದನಂತೆ. ಸುತ್ತ ಇವರ ಬೀದಿಯ ಜನವೆಲ್ಲ ನಿಂತಿದ್ದರು.

"ಕುಡೀಬ್ಯಾಡಿ ಸಾ," ಎಂದರಂತೆ ಇವರು. "ಆದ್ರೆ ಅದ್ನ ಕನ್ನಡ್ದಲ್ಲೇ ಯೋಳ್ಕಳಿ. ನಮ್ಮೋರ್ಗೂ ಗೊತ್ತಾಗ್ಲಿ."

ಅಲ್ಲಿಂದ ಮುಂದೆ ಇವರೆದುರು ಒಂದು ಮಾತೂ ನಡೆಯಲಿಲ್ಲ. ಇವರು ಕಚೇರಿಗೆ ಬಂದರೆ ಆ ಇಬ್ಬರೂ ಎದ್ದು ಹೊರಗೆ ಹೋಗುತ್ತಿದ್ದರು. ಕೆಲಸವೆಲ್ಲ ಬೇರೆಲ್ಲೋ ಕೂತು ತೀರ್ಮಾನವಾಗಿ ಬರುತ್ತಿತ್ತು. ಕೆಲವು ತಿಂಗಳಲ್ಲಿ, ಇವರ ಬೀದಿಯ ಮಣ್ಣು ಭಾರ ತಡೆಯುವುದಿಲ್ಲ ಎಂಬ ವರದಿ ಮೇಲಿನ ಕಚೇರಿಯಿಂದಲೇ ಇಳಿದು ಬಂತು. ಸದಸ್ಯರಲ್ಲಿ ಹೆಚ್ಚಿನವರು ಅದನ್ನು ಒಪ್ಪಿ ಕೈ ಎತ್ತಿದರು. ಟ್ಯಾಂಕ್ ಮೇಲಿನ ಬೀದಿಯಲ್ಲಿ ಎದ್ದಿತು.

ಅದನ್ನು ಹೇಳಲು ಬಂದ ದಿನ ಅವರು ಅಡುಗೆಮನೆಗೆ ಬರಲಿಲ್ಲ, ಜಗಲಿಯಲ್ಲೇ ಕೂತರು.

"ಆವತ್ತು ಸುಮ್ಕಿದ್ದಿದ್ರೆ ಟ್ಯಾಂಕು ನಮ್ಗೇ ಬತ್ತಿತ್ತು ಕಣ್ ಮೇಡಂ. ಎಂಗ್ ಸುಮ್ಕಿರಾದು, ನೀವೇ ಯೋಳಿ?"

ಯಜಮಾನರು ಒಳಗಿನಿಂದ ಬಂದು, ನೀವು ಅಂದದ್ದು ಸರಿ ಎಂದರು. ಅವರು ಹೌದೆಂದು ತಲೆಯಾಡಿಸಿದರು. ಆದರೆ ಮುಖ ಗೆಲುವಾಗಲಿಲ್ಲ. ಇಂಗ್ಲಿಷ್ ಗೊತ್ತಿಲ್ಲದ ಕಾಲದಲ್ಲಾಗಿದ್ದರೆ ಆ ಚಹಾದ ಮಾತು ನನ್ನ ತಲೆಯ ಮೇಲೆ ಹಾದುಹೋಗುತ್ತಿತ್ತು, ಹೊಟ್ಟೆನೋವು ಪಾಪ ಅಂದುಕೊಂಡು ಮನೆಗೆ ಹೋಗುತ್ತಿದ್ದೆ ಎಂದರು. ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಕಲಿತದ್ದರಿಂದ ಅವರಿಗೆ ಉಳಿದ ಜಾಗವೂ ಕಲಿತದ್ದರಿಂದಲೇ ಕೈಬಿಟ್ಟಿತ್ತು. ಆಮೇಲೆ ಅವರು ಪಾಠಕ್ಕೆ ಬರಲಿಲ್ಲ.

ಎರಡು ಸಾವಿರದ ಆಸುಪಾಸಿನಲ್ಲಿ ನನಗೆ ನಂಜನಗೂಡಿಗೆ ವರ್ಗವಾಯಿತು. ಅಲ್ಲಿ ಕಾರ್ಖಾನೆ ಕೆಲಸಗಾರರಿಗೆ, ಅಂಗಡಿಯವರಿಗೆ ಸಂಜೆ ಪಾಠ ಮಾಡಿದೆ. ನಿಮಗೆ ಯಾವುದು ಮೊದಲು ಬೇಕು ಎಂದು ಕೇಳುವುದನ್ನು ಬಿಡಲಿಲ್ಲ. ಎಲ್ಲರೂ ಮಾತಾಡುವುದು ಎನ್ನುತ್ತಿದ್ದರು, ಅದನ್ನೇ ಕಲಿಸಿದೆ. ಬರೀ ಕೇಳಿಸಿಕೊಳ್ಳುವುದು ಸಾಕು ಎನ್ನುವವರು ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೆ ಕಲಿಸುವ ಧೈರ್ಯ ನನಗೆ ಇರುತ್ತಿತ್ತೋ ಇಲ್ಲವೋ.

ಬಹಳ ವರ್ಷದ ಮೇಲೆ ನರಸೀಪುರದ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಾಗ ಆ ಅಧ್ಯಕ್ಷೆಯ ವಿಚಾರ ಕೇಳಿದೆ. ಆ ಬೀದಿಗೆ ಈಗ ನಲ್ಲಿ ಬಂದಿದೆ, ಬೇರೆ ಯಾರದೋ ಅವಧಿಯಲ್ಲಿ ಎಂದರು. ಇವರನ್ನು ಮತ್ತೆ ಚುನಾವಣೆಗೆ ನಿಲ್ಲಿಸಬೇಕೆಂದು ಬೀದಿಯವರೆಲ್ಲ ಮನೆಗೆ ಹೋಗಿದ್ದರಂತೆ. ಆಗಲ್ಲ ಎಂದು ಕಳಿಸಿದರಂತೆ. ಅಂಥ ಅಧ್ಯಕ್ಷೆ ಆ ಊರಿಗೆ ಇನ್ನೊಂದು ಅವಧಿ ಸಿಗಬೇಕಾಗಿತ್ತು.