ಶನಿವಾರ ಪೂರ್ವಕ್ಕೆ ಹೊರಟ ವನಜಾ

ಎದುರುಮನೆಯ ವನಜಾ ಬುಲೆಟ್ ಓಡಿಸಿಕೊಂಡು ಒಬ್ಬಳೇ ಛತ್ರಪತಿ ಸಂಭಾಜಿನಗರಕ್ಕೆ ಹೋಗುತ್ತಾಳಂತೆ ಎಂದು ನನ್ನ ಹೆಂಡತಿ ವಸಂತಿ ಹೇಳಿದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ನಾಸಿಕದಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದವನಿಗೆ ಜನರ ಯೋಜನೆಗಳ ಮೇಲೆ ಹೆಚ್ಚು ನಂಬಿಕೆ ಉಳಿಯುವುದಿಲ್ಲ. ನಾಳೆಯಿಂದ ಸಕ್ಕರೆ ಬಿಟ್ಟೆ ಎಂದವರು ಮರುದಿನ ಬಂದು ಎರಡು ಪ್ಲೇಟ್ ಶಿರಾ ತಿನ್ನುವುದನ್ನು ಬೇಕಾದಷ್ಟು ನೋಡಿದ್ದೇನೆ.

ಆದರೆ ವನಜಾ ಆ ಜಾತಿಯವಳಲ್ಲ ಎಂಬುದನ್ನು ನಾನು ಮರೆತಿದ್ದೆ. ವಿಜಯಪುರದ ಕಡೆಯವಳು, ವಯಸ್ಸು ನಲವತ್ತಾರು. ಗಂಡ ಕೃಷ್ಣರಾಜ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಇವಳು ಅಂಬಡ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತಾಳೆ. ಕೈಯಲ್ಲಿ ಗೇಜು ಎಂಬ ಗಟ್ಟಿ ಕಡ್ಡಿ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹಾಗಿದ್ದರೆ ಮಾಲು ಪಾಸು, ಇಲ್ಲದಿದ್ದರೆ ಕೆಂಪು ಡಬ್ಬಿಗೆ. ಹದಿನೆಂಟು ವರ್ಷ ಇದನ್ನೇ ಮಾಡಿ ಮಾಡಿ, 'ನೋಡೋಣ', 'ಆದರೆ ಆಗಲಿ' ಎಂಬ ಮಾತುಗಳು ಅವಳ ಬಾಯಿಂದ ಮಾಯವಾಗಿಬಿಟ್ಟಿದ್ದವು.

ಆ ಬುಲೆಟ್ ಕೃಷ್ಣರಾಜನದು. ಕೊಂಡು ಹದಿನೈದು ವರ್ಷ ಆಗುತ್ತ ಬಂದಿತ್ತು. ಮೂರು ವರ್ಷದ ಹಿಂದೆ ಯೇವಲೆಯ ಮದುವೆಗೆಂದು ಗಂಡಹೆಂಡತಿ ಅದರ ಮೇಲೆ ಹೋಗುವಾಗ ವಿಂಚೂರು ದಾಟಿದ ಮೇಲೆ ಬಿದ್ದರು. ವನಜಾಳಿಗೆ ಮೊಣಕೈ ತರಚಿತು, ಅಷ್ಟೆ. ಕೃಷ್ಣರಾಜನ ಬೆನ್ನಿಗೆ ಪೆಟ್ಟಾಗಿ, ಇನ್ನು ಬೈಕ್ ಮುಟ್ಟಬೇಡ ಎಂದು ಡಾಕ್ಟರು ಹೇಳಿದರು. ಗಾಡಿ ತುಕ್ಕು ಹಿಡಿಯಬಾರದೆಂದು ಅವನೇ ರಜೆಯ ದಿನ ಸಾತಪುರದ ಖಾಲಿ ಬೀದಿಗಳಲ್ಲಿ ಹೆಂಡತಿಗೆ ಕಲಿಸಿದ. ಅಂದಿನಿಂದ ಅವಳು ಅದರಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದಳು. ಮನೆಯಿಂದ ಅಂಬಡ್, ಅಂಬಡ್‌ನಿಂದ ಮನೆ. ಗಾಣದ ಎತ್ತು ಕೂಡ ಅದಕ್ಕಿಂತ ಹೆಚ್ಚು ಊರು ನೋಡಿರುತ್ತದೆ.

ಈಗ ಗಾಡಿಯ ನೋಂದಣಿ ಮುಗಿಯುವುದರಲ್ಲಿತ್ತು. ಅದನ್ನು ನವೀಕರಿಸುವ ಗೋಜು ಬೇಡ, ಮಾರಿಬಿಡೋಣ ಎಂದು ಕೃಷ್ಣರಾಜ ತೀರ್ಮಾನಿಸಿದ. ದೇವಳಾಲಿ ಕ್ಯಾಂಪಿನ ಒಬ್ಬ ನಿವೃತ್ತ ಸೈನಿಕ ಕೊಳ್ಳಲು ಒಪ್ಪಿದ್ದ. ವನಜಾ ಬೇಡ ಎನ್ನಲಿಲ್ಲ. ಮಾರುವ ಮೊದಲು ಒಮ್ಮೆ ನಾನೇ ಓಡಿಸಿಕೊಂಡು ಸಂಭಾಜಿನಗರಕ್ಕೆ ಹೋಗಿಬರುತ್ತೇನೆ ಎಂದಳು. ಮಗಳು ಅನ್ವಿತಾ ಅಲ್ಲಿ ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದುತ್ತಿದ್ದಾಳೆ. ದಾರಿ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

"ಬಸ್ಸಿಗೆ ಎಂತ ಆಗಿದೆ ಮಾರಾಯ್ತಿ?" ಎಂದು ನಾನು ಕೇಳಿದೆ.

"ಬಿದ್ದಾಗ ನಾನೂ ಹಿಂದ ಕೂತಿದ್ದೆ ಕಾಕಾ," ಎಂದಳು. "ಯಾಕ ಬಿದ್ವಿ ಅಂತ ಇವತ್ತಿಗೂ ನನಗ ಗೊತ್ತಿಲ್ಲ. ನನಗ ಇವರ ಬೆನ್ನಷ್ಟ ಕಾಣಸ್ತಿತ್ತು. ಇಪ್ಪತ್ತೆರಡು ವರ್ಷ ಬೆನ್ನು ನೋಡೀನಿ. ಒಂದ ಸಲ ರಸ್ತಾ ನೋಡ್ಬೇಕು."

ನಾನು ಪೇಪರ್ ಮಡಚಿಟ್ಟೆ.

ಅವಳ ತಯಾರಿ ಕಾರ್ಖಾನೆಯ ಕ್ರಮದಲ್ಲೇ ಶುರುವಾಯಿತು. ಒಂದು ನೋಟುಬುಕ್ಕು, ಪುಟದ ಮಧ್ಯೆ ಗೆರೆ, ಎಡಕ್ಕೆ ವಸ್ತು, ಬಲಕ್ಕೆ ಪಾಸೋ ಫೇಲೋ. ಟಯರು, ಬ್ರೇಕು, ಕ್ಲಚ್ಚಿನ ತಂತಿ, ಚೈನು. ಇಷ್ಟು ಯಾವ ಗಂಡಸಾದರೂ ಬರೆದಾನು. ಮುಂದಿನ ಪುಟದಲ್ಲಿ ಅವಳು ಬರೆದದ್ದು ಕಕ್ಕಸು. ಎಲ್ಲೆಲ್ಲಿ ಇದೆ, ಒಳಗೆ ಚಿಲಕ ಇದೆಯೇ, ನೀರು ಬರುತ್ತದೆಯೇ. ನಾನು ಆ ದಾರಿಯಲ್ಲಿರುವ, ಕರಾವಳಿಯ ನಮ್ಮ ಊರಿನವರ ಹೋಟೆಲುಗಳ ಹೆಸರನ್ನೆಲ್ಲ ಜಂಬದಿಂದ ಬರೆಸಿದೆ. ನಮ್ಮವರ ಹೋಟೆಲು, ಕಣ್ಣು ಮುಚ್ಚಿ ಹೋಗು ಎಂದೆ. ಅವಳು ಕಣ್ಣು ಮುಚ್ಚುವವಳಲ್ಲ. ಒಂದು ಶನಿವಾರ ಎಸ್.ಟಿ. ಬಸ್ಸು ಹತ್ತಿ, ಊರೂರಿಗೆ ಇಳಿದು ನೋಡಿಬಂದಳು.

ಅಂದು ಮನೆಯಲ್ಲಿ ಅವಳನ್ನು ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಅದಕ್ಕೆ ಕಾರಣ ಅವಳ ಅತ್ತೆ ಸುಭದ್ರಾಬಾಯಿ. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ಅವರ ಕಟ್ಟುನಿಟ್ಟು. ಎಪ್ಪತ್ತಾರು ವಯಸ್ಸು, ಪಂಚಾಂಗ ಸದಾ ಕೈಗೆಟುಕುವಲ್ಲಿ. ಅವರಿಗೆ ಸೊಸೆಯ ಮೇಲೆ ಸಿಟ್ಟಿದೆ ಎಂದು ಕಟ್ಟಡದವರೆಲ್ಲ ತಿಳಿದಿದ್ದರು. ನನ್ನ ಲೆಕ್ಕದಲ್ಲಿ ಅವರಿಗೆ ಯಾರ ಮೇಲೂ ಸಿಟ್ಟಿಲ್ಲ, ಶಾಸ್ತ್ರದ ಮೇಲೆ ಮಾತ್ರ ಪ್ರೀತಿ. ಆ ಪ್ರೀತಿ ಇರುವವರ ಜೊತೆ ಬಾಳುವುದು ಸಿಟ್ಟಿನವರ ಜೊತೆ ಬಾಳುವುದಕ್ಕಿಂತ ಕಷ್ಟ.

ಸಂಜೆ ವನಜಾ ನೋಟುಬುಕ್ಕು ತಂದು ನನ್ನ ಮುಂದೆ ಇಟ್ಟಳು. ವೈಜಾಪುರದ್ದು ಪಾಸು. ಯೇವಲೆಯದು, ನನ್ನ ಭಾವನೆಂಟನದೇ ಹೋಟೆಲು, ಫೇಲು.

"ಚಿಲಕ ಅದ ಕಾಕಾ, ಅದನ್ನ ಸಿಗಸೋ ಕೊಂಡಿ ಇಲ್ಲ. ಬಾಗಲಾ ಕೈಲೆ ಹಿಡಕೊಂಡು ಕೂಡಬೇಕು."

ನನ್ನ ಹೋಟೆಲಿನಲ್ಲಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನಲವತ್ತು ವರ್ಷ ಸಾಂಬಾರಿನ ಉಪ್ಪು ನೋಡಿದ್ದೆ, ಆ ಬಾಗಿಲನ್ನು ಒಮ್ಮೆಯೂ ಒಳಗಿನಿಂದ ಹಾಕಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಯೇವಲೆಗೆ ಫೋನ್ ಮಾಡಿ ಭಾವನೆಂಟನನ್ನು ಚೆನ್ನಾಗಿ ಬೈದೆ. ನನಗೆ ಬೈದುಕೊಳ್ಳಬೇಕಾದದ್ದನ್ನೂ ಸೇರಿಸಿ ಬೈದೆ. ಎರಡು ದಿನದಲ್ಲಿ ಅವನು ಹೊಸ ಕೊಂಡಿಯ ಫೋಟೋ ಕಳಿಸಿದ.

ಇಷ್ಟೆಲ್ಲ ಪಾಸಾದ ಮೇಲೆ ಉಳಿದದ್ದು ಮನೆಯವರು. ಕೃಷ್ಣರಾಜ ಮೊದಲು, ನಾನು ಕಾರು ತಗೊಂಡು ಹಿಂದಿನಿಂದ ಬರುತ್ತೇನೆ ಎಂದ. ಹಾಗಾದರೆ ಅದು ಮೆರವಣಿಗೆ, ಪ್ರಯಾಣ ಅಲ್ಲ ಎಂದಳು. ಅವನು ಕೆಟ್ಟವನಲ್ಲ, ಹೆದರಿದವನು. ಬಿದ್ದದ್ದು ತನ್ನ ತಪ್ಪಿನಿಂದ ಎಂದು ಮೂರು ವರ್ಷದಿಂದ ಒಳಗೊಳಗೇ ಕೊರಗುತ್ತಿದ್ದ. ಕಡೆಗೆ ಮಾತು ತಾಯಿಯ ಬಳಿ ಹೋಯಿತು. ಸುಭದ್ರಾಬಾಯಿ ಪಂಚಾಂಗ ತೆಗೆದರು.

"ಶನಿವಾರ ಪೂರ್ವಕ್ಕ ಶೂಲಿ ಅದ. ಆ ದಿಕ್ಕಿಗೆ ಹೋಗಬಾರದು. ನಾ ಹೇಳಿದ್ದಲ್ಲ, ಶಾಸ್ತ್ರ ಹೇಳ್ಯದ."

ನಾಸಿಕಕ್ಕೆ ಸಂಭಾಜಿನಗರ ಪೂರ್ವ. ವನಜಾಳಿಗೆ ವಾರದ ರಜೆ ಶನಿವಾರ, ಭಾನುವಾರಕ್ಕೆ ರಜೆ ಬರೆದುಕೊಟ್ಟಿದ್ದಳು. ಅದರ ಮುಂದಿನ ಶನಿವಾರಕ್ಕೆ ಗಾಡಿಯೇ ಮನೆಯಲ್ಲಿರುವುದಿಲ್ಲ. ಅವಳು ಬಾಯಿ ಬಿಡಲಿಲ್ಲ. ಅವಳ ಮೌನವನ್ನು ಒಪ್ಪಿಗೆ ಎಂದು ತಿಳಿದ ಕೃಷ್ಣರಾಜ, ಶನಿವಾರ ಬೆಳಗ್ಗೆ ಒಂಬತ್ತಕ್ಕೇ ಬಂದು ಗಾಡಿ ಒಯ್ಯಿರಿ ಎಂದು ದೇವಳಾಲಿಯವನಿಗೆ ಹೇಳಿಬಿಟ್ಟ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನು ಮಾಡಬಾರದ ತಪ್ಪು ಅದು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ನಮ್ಮ ಬೆಲ್ ಆಯಿತು. ವನಜಾ ಒಂದು ಕಪ್ಪು ಚೀಲ ಹಿಡಿದು ನಿಂತಿದ್ದಳು, ಹಣೆಗೆ ಕುಂಕುಮ, ಚೀಲಕ್ಕೂ ಕುಂಕುಮ.

"ಪರಸ್ತಾನ ಇಡ್ಲಿಕ್ಕೆ ಬಂದೀನಿ ಕಾಕೂ. ನಿಮ್ಮನಿ ನಮಗ ಪೂರ್ವಕ್ಕ ಅದ," ಎಂದಳು ವಸಂತಿಗೆ.

ಪರಸ್ತಾನ ಹಳಬರ ಪದ್ಧತಿ. ಹೊರಡಬೇಕಾದ ದಿನ ಸರಿಯಿಲ್ಲದಿದ್ದರೆ, ಅದರ ಮೊದಲಿನ ಒಳ್ಳೆಯ ಗಳಿಗೆಯಲ್ಲಿ ದಾರಿಗೆ ಬೇಕಾದ ಸಾಮಾನನ್ನು ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಆಗಲೇ ಶುರುವಾದ ಹಾಗೆ. ಮರುದಿನದ ದೋಷ ತಟ್ಟುವುದಿಲ್ಲ. ನನ್ನ ಅಜ್ಜಿ ಇಡುತ್ತಿದ್ದಳು. ಗೇಜು ಹಿಡಿಯುವ ಹೆಂಗಸಿಗೆ ಇದರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದೆ.

"ನನಗಿಲ್ಲ. ಅತ್ಯಾಗ ಅದ," ಎಂದಳು. "ಅವರ ಅಳತಿಗೆ ಪಾಸಾಗಬೇಕಲ್ರಿ."

ಪರಸ್ತಾನಕ್ಕೆ ಇಡುವುದು ನೆಪಕ್ಕೊಂದು ಬಟ್ಟೆಯಾದರೂ ನಡೆಯುತ್ತದೆ. ಇವಳು ಅರ್ಧಂಬರ್ಧ ಏನನ್ನೂ ಮಾಡುವವಳಲ್ಲವಾದ್ದರಿಂದ ಹೆಲ್ಮೆಟ್ಟು, ಕೈಗವಸು, ಲೈಸೆನ್ಸು, ಗಾಡಿಯ ಕಾಗದ, ಗಾಡಿಯ ಕೀಲಿ ಎಲ್ಲ ತುಂಬಿದ್ದಳು. ವಸಂತಿ ಅದನ್ನು ದೇವರ ಕೋಣೆಯ ಪಕ್ಕ ಇಟ್ಟಳು. ವನಜಾ ಕೆಲಸಕ್ಕೆ ಹೋದಳು, ಅಂದು ಮಾತ್ರ ರಿಕ್ಷಾದಲ್ಲಿ.

ಸಂಜೆ ಏಳಕ್ಕೆ ಮತ್ತೆ ಬೆಲ್. ಈ ಸಲ ಕೃಷ್ಣರಾಜ.

"ಐತಾಳರ, ಒಂದು ಚೀಲ ಅದ ಅಂತಲ್ಲ ನಿಮ್ಮಲ್ಲೆ. ಕೀಲಿ ಬೇಕಾಗ್ಯದ. ನಾಳೆ ಮುಂಜಾನೆ ಗಾಡಿ ಒಯ್ಯಲಿಕ್ಕೆ ಬರತಾರ. ಇನ್ನೊಂದು ಕೀಲಿ ಎಂದೋ ಕಳದ್ಹೋಗ್ಯದ."

ಅವನ ಹಿಂದೆ, ಅವರ ಮನೆಯ ಬಾಗಿಲಲ್ಲಿ ವನಜಾ ನಿಂತಿದ್ದಳು. ಆಗಷ್ಟೇ ಕೆಲಸದಿಂದ ಬಂದಿದ್ದಳು, ಊಟದ ಡಬ್ಬಿ ಇನ್ನೂ ಕೈಯಲ್ಲಿತ್ತು. ಅವಳು ಗಂಡನನ್ನು ತಡೆಯಲಿಲ್ಲ. ಕೊಟ್ಟರೆ ಅವಳ ದಾರಿ ಮುಗಿಯಿತು, ಕೊಡದಿದ್ದರೆ ಗಂಡಹೆಂಡಿರ ನಡುವೆ ನಾನು ತಲೆಹಾಕಿದ ಹಾಗೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ಇಲ್ಲಿ ಕೂಸಿನ ಜಾಗದಲ್ಲಿ ಅರವತ್ತೆಂಟರ ನಾನು ನಿಂತಿದ್ದೆ. ಹೇಡಿತನ ಒಪ್ಪಿಕೊಳ್ಳುತ್ತೇನೆ, ಚೀಲ ತರಲು ಒಳಗೆ ತಿರುಗಿದೆ.

"ಐತಾಳರ, ನಿಲ್ರಿ!"

ಸುಭದ್ರಾಬಾಯಿಯವರ ದನಿ. ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಿದ್ದರು.

"ಯಾವ ಚೀಲ ಅದು?"

"ಪರಸ್ತಾನದ್ದು, ಅತ್ಯಾ," ಎಂದಳು ವನಜಾ. "ಮುಂಜಾನೆ ಎಂಟಕ್ಕ ಇಟ್ಟೀನಿ. ನಿಮ್ಮ ಪಂಚಾಂಗ ನೋಡೇ ಇಟ್ಟೀನಿ."

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದರು. ಗಳಿಗೆ ಸರಿಯಿತ್ತೆಂದು ಕಾಣುತ್ತದೆ, ತಪ್ಪು ಸಿಗದೆ ಮುಖ ಗಂಟಿಕ್ಕಿತು. ಆಮೇಲೆ ಮಗನ ಕಡೆ ತಿರುಗಿದರು.

"ಕೃಷ್ಣಾ, ಪರಸ್ತಾನ ಇಟ್ಟದ್ದು ಪ್ರಯಾಣ ಆಗದ ತಿರುಗಿ ಮನಿ ಹೊಸ್ತಿಲ ದಾಟಬಾರದು. ದಾಟಿದ್ರ ಹೊಂಟಾಕಿಗೂ ಒಳ್ಳೇದಲ್ಲ, ಮನಿಗೂ ಒಳ್ಳೇದಲ್ಲ."

"ಅವ್ವಾ, ನೀನ ಅಲ್ಲ ಶೂಲಿ ಅದ ಅಂದಾಕಿ?"

"ಅಂದೆ. ಅಕಿ ಅದಕ್ಕ ಪರಿಹಾರ ಮಾಡ್ಯಾಳ. ಇನ್ನ ನಾನ್ಯಾಕ ನಡುವ ಬರ್ಲಿ? ದೇವಳಾಲಿಯವರಿಗೆ ಮಂಗಳವಾರ ಬಾ ಅನ್ನು."

ಕೃಷ್ಣರಾಜ ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ.

ಶನಿವಾರ ಬೆಳಗ್ಗೆ ಆರೂವರೆಗೆ ವನಜಾ ನಮ್ಮ ಮನೆಯಿಂದಲೇ ಹೊರಟಳು. ಸುಭದ್ರಾಬಾಯಿ ಅವಳ ಅಂಗೈಗೆ ಒಂದು ಚಮಚ ಮೊಸರು ಹಾಕಿದರು, ಎಲ್ಲಿಗೆ ಎಂದು ಕೇಳಲಿಲ್ಲ. ಕೃಷ್ಣರಾಜ ಕೆಳಗಿಳಿದು ಬಂದು ಟಯರನ್ನು ಬೆರಳಿನಿಂದ ಒತ್ತಿ ನೋಡಿದ. ಮೊದಲೇ ಪಾಸಾಗಿದೆ ಎಂದು ಅವಳು ಹೇಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅವನು ನಮ್ಮ ಮನೆಗೆ ಬಂದು ಕೂತ. ನಾನು ಬರೆಸಿದ್ದ ಹೋಟೆಲುಗಳ ಪಟ್ಟಿ ಕೇಳಿ ಪಡೆದು ಒಂದೊಂದಕ್ಕೇ ಫೋನ್ ಹಚ್ಚಿದ. ಏಳು ಲೋಟ ಚಹಾ ಕುಡಿದ. ಯೇವಲೆ ದಾಟಿದ್ದಾಳೆ ಎಂದು ನನ್ನ ಭಾವನೆಂಟ ಹೇಳಿದಾಗ, ಅಂದರೆ ವಿಂಚೂರು ದಾಟಿದೆ ಎಂದು ತಿಳಿದಾಗ, ಅವನ ಕಣ್ಣು ತುಂಬಿತು. ವಸಂತಿ ಕೂಡಲೇ ಅಡುಗೆಮನೆಗೆ ಹೋದಳು.

ಹನ್ನೆರಡರ ಹೊತ್ತಿಗೆ ಮಗಳ ಫೋನ್ ಬಂತು. ಅನ್ವಿತಾಳ ಕನ್ನಡ ಯಾವಾಗಲೂ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತದೆ.

"ಪಪ್ಪಾ, ಆಯಿ ಬಂದಾಳ! ಏಕಟಿ! ಪೂರ್ಣ ಹಾಸ್ಟೆಲ್ ಕೆಳಗ ಬಂದು ನೋಡ್ಲಿಕತ್ತದ!"

ಏಕಟಿ ಎಂದರೆ ಒಬ್ಬಳೇ. ಆ ಶಬ್ದವನ್ನು ಅವಳು ಮೂರು ಸಲ ಹೇಳಿದಳು.

ಭಾನುವಾರ ಸಂಜೆ ವನಜಾ ವಾಪಸಾದಳು. ಮುಖದಲ್ಲಿ ಧೂಳು, ಹೆಲ್ಮೆಟ್ಟಿನ ಗೆರೆ. ಹೇಗಿತ್ತು ಎಂದು ಎಲ್ಲರೂ ಕೇಳಿದ್ದಕ್ಕೆ ಅವಳು ಗಂಡನನ್ನಷ್ಟೇ ನೋಡಿ ಹೇಳಿದಳು.

"ವಿಂಚೂರ ದಾಟಿದ ಮ್ಯಾಲೆ ಒಂದು ತಿರುವು ಅದಲ್ರಿ, ಅಲ್ಲೆ ರಸ್ತಾ ಎಡಕ್ಕ ಇಳದದ. ಬಸ್ಸಿನಾಗ ಗೊತ್ತಾಗಿದ್ದಿಲ್ಲ. ನನ್ನ ಗಾಡಿನೂ ಅತ್ತಾಗ ಎಳೀತು. ನಿಧಾನ ಹೊಂಟಿದ್ದೆ ಅಂತ ಉಳಕೊಂಡೆ. ಅವತ್ತು ನಿಮ್ಮ ತಪ್ಪೇನೂ ಇದ್ದಿಲ್ರಿ."

ಕೃಷ್ಣರಾಜ ಅವಳ ಕೈಯಿಂದ ಚೀಲ ತೆಗೆದುಕೊಂಡು ಹೊಸ್ತಿಲು ದಾಟಿ ಒಳಗೆ ಹೋದ.

ಇಲ್ಲಿಗೆ ಮುಗಿಯಿತು, ಗಾಡಿ ದೇವಳಾಲಿಗೆ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಮಂಗಳವಾರ ಬೆಳಗ್ಗೆ, ಕೊಳ್ಳುವವನು ಬರಲು ಇನ್ನೂ ಒಂದು ಗಂಟೆ ಇರುವಾಗ, ಬೆಲ್ ಆಯಿತು. ಸುಭದ್ರಾಬಾಯಿ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಎರಡು ಸೀರೆ, ಔಷಧಿಯ ಡಬ್ಬಿ, ಪಂಚಾಂಗ. ಮೇಲೆ ಕುಂಕುಮದ ಬೊಟ್ಟು.

"ಇದನ್ನ ಒಳಗ ಇಡ್ರಿ ವಸಂತಿಬಾಯಿ," ಎಂದರು. "ಗಾಡಿ ಹಿಂದಿನ ಸೀಟು ಖಾಲಿ ಅದ. ನಾ ಹೋಗಿ ಬರೋತನಕ ಅದನ್ನ ಮಾರಂಗಿಲ್ಲ ಅಂತ ನಮ್ಮ ಕೃಷ್ಣಾಗ ನೀವ ಹೇಳಿಬಿಡ್ರಿ. ಪರಸ್ತಾನದ ಚೀಲ ಹೊರಗ ಬಿದ್ದಾಗ್ಯದ."

ವಸಂತಿ ಚೀಲ ತೆಗೆದುಕೊಂಡು, ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಹೊರಟು ನಿಂತವರನ್ನು ಹಾಗೆ ಕೇಳಬಾರದು.